ಮೊದಲ ರೀಡಿಂಗ್ ತಿದ್ದಬೇಡ, ತಂಗಿ

ಓದುಗರ ಪ್ರಶ್ನೆ, ಮಾಸ್ತರರ ಉತ್ತರ

ಈ ಸಲ ಆಯ್ದುಕೊಂಡ ಐದೂ ಪತ್ರಗಳು ಸ್ಪ್ರಿಂಗಿಗೇ ಸಂಬಂಧಿಸಿದವು. ಜಮಖಂಡಿಯ ವಿದ್ಯಾರ್ಥಿನಿಯೊಬ್ಬಳು ತನ್ನ ರೆಕಾರ್ಡ್ ಪುಸ್ತಕದ ಪುಟವನ್ನೇ ಫೋಟೊ ತೆಗೆದು ಕಳುಹಿಸಿದ್ದಾಳೆ. ಪೆನ್ಸಿಲ್ಲಿನಲ್ಲಿ ಬರೆದ ಆರು ಸಾಲು, ಎರಡನೆಯ ಸಾಲಿನ ಮೇಲೆ ಕೆಂಪು ಶಾಯಿಯ ಗೀಟು. ಆ ಗೀಟನ್ನು ನೋಡಿ ನನಗೆ ಸುಮ್ಮನಿರಲು ಆಗಲಿಲ್ಲ. ಹಾಗಾಗಿ ಅವಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದವರು ಸಹಿಸಿಕೊಳ್ಳಬೇಕು.

ಗುರುಗಳೇ, ನಾನು ಪಿಯು ಮೊದಲ ವರ್ಷದಲ್ಲಿದ್ದೇನೆ. ಸ್ಪ್ರಿಂಗಿಗೆ ತೂಕ ತೂಗುಹಾಕಿ ಅದರ ಬಲ ಸ್ಥಿರಾಂಕ ಕಂಡುಹಿಡಿಯುವ ಪ್ರಯೋಗ ಮಾಡಿದೆ. ಪ್ರತಿ ಸಾಲಿಗೂ ಬೇರೆ ಬೇರೆ ಉತ್ತರ ಬರುತ್ತಿದೆ. ನಕ್ಷೆಯ ಗೆರೆ ಮೂಲಬಿಂದುವಿನಿಂದ ಹೊರಡುವುದಿಲ್ಲ. ತಪ್ಪಾಗಿದೆ, ಮೊದಲ ರೀಡಿಂಗ್ ಸರಿ ಮಾಡಿಕೊಂಡು ಬಾ ಎಂದು ಅಧ್ಯಾಪಕರು ಹೇಳಿದ್ದಾರೆ. ಮೂರು ಸಲ ಮಾಡಿದರೂ ಅದೇ ಬರುತ್ತದೆ. ನನ್ನ ತಪ್ಪು ಎಲ್ಲಿದೆ?
— ವಿದ್ಯಾರ್ಥಿನಿ, ಜಮಖಂಡಿ

ತಂಗಿ, ನಿನ್ನ ಅಳತೆಯಲ್ಲಿ ತಪ್ಪಿಲ್ಲ. ಆ ಸಾಲನ್ನು ತಿದ್ದಬೇಡ.

ಉಳಿದ ಓದುಗರಿಗಾಗಿ ಅವಳ ಅಂಕಿಗಳನ್ನು ಹೇಳುತ್ತೇನೆ. ಬಲ ಸ್ಥಿರಾಂಕ ಎಂದರೆ ಸ್ಪ್ರಿಂಗು ಎಷ್ಟು ಗಡುಸು ಎಂಬುದರ ಅಳತೆ, ಒಂದು ಮೀಟರ್ ಹಿಗ್ಗಿಸಲು ಎಷ್ಟು ನ್ಯೂಟನ್ ಬಲ ಬೇಕು ಎಂಬ ಲೆಕ್ಕ. ಏನೂ ತೂಗುಹಾಕದಿದ್ದಾಗ ಸೂಚಕ ಮುಳ್ಳು 12.0 ಸೆಂಟಿಮೀಟರಿನಲ್ಲಿದೆ. 50 ಗ್ರಾಂ ಹಾಕಿದಾಗ 12.1. ನೂರಕ್ಕೆ 13.2, ನೂರೈವತ್ತಕ್ಕೆ 14.9, ಇನ್ನೂರಕ್ಕೆ 16.6, ಇನ್ನೂರೈವತ್ತಕ್ಕೆ 18.3. ತೂಕ ಇಳಿಸುತ್ತ ಬಂದಾಗಲೂ ಇವೇ ಅಂಕಿಗಳು, ಕೊನೆಗೆ ಮುಳ್ಳು ಮತ್ತೆ 12.0ಕ್ಕೆ ಬಂದು ನಿಂತಿದೆ. ತೂಕದ ಬಿಲ್ಲೆಗಳನ್ನು ಕೂರಿಸುವ ಹ್ಯಾಂಗರಿನ ತೂಕವನ್ನೂ ಲೆಕ್ಕಕ್ಕೆ ಹಿಡಿದಿದ್ದಾಳೆ. ಮೂವತ್ತು ವರ್ಷ ವಿಜಯಪುರದಲ್ಲಿ ಇದೇ ಪ್ರಯೋಗ ಮಾಡಿಸಿದವನು ನಾನು. ಇಷ್ಟು ಅಚ್ಚುಕಟ್ಟಾದ ಪುಟ ನನ್ನ ಕೈಗೆ ಬಂದದ್ದು ಅಪರೂಪ.

ಈಗ ಈ ಅಂಕಿಗಳನ್ನು ನನ್ನ ಜೊತೆ ಇನ್ನೊಮ್ಮೆ ಓದು. ನೂರರಿಂದ ಮುಂದಕ್ಕೆ ಪ್ರತಿ 50 ಗ್ರಾಂಗೂ ಮುಳ್ಳು ಸರಿಯಾಗಿ 1.7 ಸೆಂಟಿಮೀಟರ್ ಇಳಿದಿದೆ. ಮೂರು ಹೆಜ್ಜೆ, ಮೂರೂ ಸಮ. ಆದರೆ ಮೊದಲ 50 ಗ್ರಾಂಗೆ ಅದು ಇಳಿದದ್ದು ಒಂದೇ ಮಿಲಿಮೀಟರ್. ಕಣ್ಣು ತಪ್ಪಿ ಆದ ದೋಷವಾಗಿದ್ದರೆ ಏರಿಸುವಾಗ ಒಂದು, ಇಳಿಸುವಾಗ ಇನ್ನೊಂದು ಬರಬೇಕಿತ್ತು. ಮೂರು ಸಲವೂ ಅದೇ ಬಂತು ಎಂದರೆ ಅಲ್ಲಿ ಏನೋ ನಡೆಯುತ್ತಿದೆ ಎಂದೇ ಅರ್ಥ.

ಏನು ನಡೆಯುತ್ತಿದೆ ಎಂಬುದನ್ನು ನನಗೆ ತೋರಿಸಿಕೊಟ್ಟವನು ಇಂಡಿ ತಾಲ್ಲೂಕಿನಿಂದ ಬಂದಿದ್ದ ಒಬ್ಬ ಹುಡುಗ. ಮಾತು ಕಡಿಮೆ, ಕೈ ನಿಧಾನ. ಉಳಿದವರೆಲ್ಲ ಲೆಕ್ಕ ಮುಗಿಸಿ ರೆಕಾರ್ಡ್ ಪುಸ್ತಕ ಮುಚ್ಚಿದ್ದರೂ ಅವನು ಸ್ಪ್ರಿಂಗಿನ ಮುಂದೆಯೇ ನಿಂತಿದ್ದ. ಹತ್ತಿರ ಹೋಗಿ ನೋಡಿದೆ. ನೋಟ್‌ಬುಕ್ಕಿನ ಮೂಲೆಯಿಂದ ಹರಿದ ಕಾಗದದ ಚೂರನ್ನು ಸ್ಪ್ರಿಂಗಿನ ಸುತ್ತುಗಳ ನಡುವೆ ತೂರಿಸಲು ನೋಡುತ್ತಿದ್ದ. ಬರಿ ಸ್ಪ್ರಿಂಗಿನಲ್ಲಿ ಕಾಗದ ತೂರಲಿಲ್ಲ. 50 ಗ್ರಾಂ ಹಾಕಿದ ಮೇಲೂ ಮೇಲಿನ ಒಂದೆರಡು ಸುತ್ತು ಬಿಟ್ಟರೆ ಎಲ್ಲೂ ತೂರಲಿಲ್ಲ. ಇನ್ನೊಂದು ಬಿಲ್ಲೆ ಹಾಕಿದ. ಸುತ್ತುಗಳ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು, ಕಾಗದ ಸಲೀಸಾಗಿ ಒಳಗೆ ಹೋಯಿತು. "ಸರ್, ಇದು ಇಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿತ್ತು" ಎಂದ. ಪಠ್ಯಪುಸ್ತಕದಲ್ಲಿ ಇಲ್ಲದ ಈ ಮಾತನ್ನು ಆಮೇಲೆ ಪ್ರತಿ ವರ್ಷವೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದೆ.

ಎಳೆಯುವುದಕ್ಕೆಂದು ಮಾಡಿದ ಒತ್ತು ಸುತ್ತಿನ ಸ್ಪ್ರಿಂಗುಗಳು ಹೀಗೆ ಇರುತ್ತವೆ. ಯಂತ್ರದಲ್ಲಿ ತಂತಿಯನ್ನು ಸುತ್ತುವಾಗಲೇ ತುಸು ತಿರುಚಿ ಸುತ್ತುತ್ತಾರೆ. ಅದರಿಂದ ಪ್ರತಿ ಸುತ್ತೂ ಪಕ್ಕದ ಸುತ್ತನ್ನು ಒತ್ತಿ ಹಿಡಿದಿರುತ್ತದೆ. ಇದಕ್ಕೆ ಆರಂಭಿಕ ಬಿಗಿತ ಎನ್ನೋಣ. ನೀನು ಹಾಕಿದ ತೂಕ ಈ ಒತ್ತಡವನ್ನು ಮೀರುವವರೆಗೆ ಸುತ್ತುಗಳು ಬಿಚ್ಚಿಕೊಳ್ಳುವುದಿಲ್ಲ. ನಿನಗೆ ಸಿಕ್ಕ ಆ ಒಂದು ಮಿಲಿಮೀಟರ್ ಬಹುಶಃ ತುದಿಯ ಕೊಕ್ಕೆಗಳು ಬಾಗಿದ್ದರಿಂದ ಅಥವಾ ಒಂದೆರಡು ಸುತ್ತು ಸಡಿಲವಿದ್ದುದರಿಂದ ಬಂದದ್ದು.

ಹಾಗಾದರೆ ಉತ್ತರಗಳು ಏಕೆ ಚೆಲ್ಲಾಪಿಲ್ಲಿಯಾದವು? ನೀನು ಪ್ರತಿ ಸಾಲಿನಲ್ಲೂ ಪೂರ್ತಿ ಭಾರವನ್ನು ಪೂರ್ತಿ ಹಿಗ್ಗುವಿಕೆಯಿಂದ ಭಾಗಿಸಿದ್ದೀಯೆ. 50 ಗ್ರಾಂ ಎಂದರೆ ನಮ್ಮ ಕಡೆಯ ಗುರುತ್ವ 9.78ರಂತೆ 0.489 ನ್ಯೂಟನ್. ಅದನ್ನು ಒಂದು ಮಿಲಿಮೀಟರಿನಿಂದ, ಎಂದರೆ 0.001 ಮೀಟರಿನಿಂದ ಭಾಗಿಸಿದರೆ ಮೀಟರಿಗೆ 489 ನ್ಯೂಟನ್. ಮುಂದಿನ ಸಾಲುಗಳಲ್ಲಿ 81, 51, 43, 39. ಇವುಗಳ ಸರಾಸರಿ ತೆಗೆದು 140 ಎಂದು ಬರೆದು ಅಡಿಗೆರೆ ಎಳೆದಿದ್ದೀಯೆ. ತಪ್ಪಿರುವುದು ಇಲ್ಲಿ, ಈ ಭಾಗಾಕಾರದಲ್ಲಿ. ಗೆರೆ ಮೂಲಬಿಂದುವಿನಿಂದ ಹೊರಟಿದ್ದರೆ ಮಾತ್ರ ಹೀಗೆ ಭಾಗಿಸಬಹುದಿತ್ತು. ನಿನ್ನ ಗೆರೆ ಅಲ್ಲಿಂದ ಹೊರಟಿಲ್ಲ. ಆದ್ದರಿಂದ ಹೆಚ್ಚಿದ ಭಾರವನ್ನು ಹೆಚ್ಚಿದ ಹಿಗ್ಗುವಿಕೆಯಿಂದ ಭಾಗಿಸು: 0.489 ನ್ಯೂಟನ್, 0.017 ಮೀಟರ್. ಮೀಟರಿಗೆ 28.8 ನ್ಯೂಟನ್ ಬರುತ್ತದೆ. ಮೂರೂ ಹೆಜ್ಜೆಗೆ ಒಂದೇ ಉತ್ತರ.

ಇನ್ನೂ ಒಂದು ಅಳತೆ ಆ ನಕ್ಷೆಯಲ್ಲಿ ಅಡಗಿದೆ. ನೂರರಿಂದ ಇನ್ನೂರೈವತ್ತರವರೆಗಿನ ನೇರ ಗೆರೆಯನ್ನು ಹಿಂದಕ್ಕೆ ಬೆಳೆಸು. ಹಿಗ್ಗುವಿಕೆ ಸೊನ್ನೆಯಾಗುವ ಜಾಗದಲ್ಲಿ ಅದು ಭಾರದ ಅಕ್ಷವನ್ನು ಸುಮಾರು 65 ಗ್ರಾಂ ಹತ್ತಿರ ಮುಟ್ಟುತ್ತದೆ. ನಿನ್ನ ಸ್ಪ್ರಿಂಗಿನ ಆರಂಭಿಕ ಬಿಗಿತ ಅದೇ, ಸುಮಾರು 0.63 ನ್ಯೂಟನ್. ನಿನ್ನ ತರಗತಿಯ ಉಳಿದವರಿಗೆ ಇದು ಸಿಕ್ಕಿರಲಾರದು. ಹ್ಯಾಂಗರ್ ತೂಗುಹಾಕಿದ ಮೇಲಿನ ರೀಡಿಂಗನ್ನೇ ಸೊನ್ನೆ ಎಂದು ಹಿಡಿಯುವುದು ಎಲ್ಲೆಡೆಯ ರೂಢಿ. ಹಾಗೆ ಹಿಡಿದರೆ ಈ ಬಿಗಿತದ ಬಹುಪಾಲು ಹ್ಯಾಂಗರಿನ ಭಾರದಲ್ಲೇ ಮುಚ್ಚಿಹೋಗುತ್ತದೆ. ನೀನು ಬರಿ ಸ್ಪ್ರಿಂಗಿನಿಂದ ಆರಂಭಿಸಿದೆ, ಅದಕ್ಕೇ ಕಂಡಿತು.

ಇಷ್ಟು ಹೇಳಿದರೂ ಅಧ್ಯಾಪಕರು ಒಪ್ಪದಿದ್ದರೆ ವಾದ ಬೇಡ, ಗಡಿಯಾರವನ್ನು ಸಾಕ್ಷಿಗೆ ಕರೆ. 250 ಗ್ರಾಂ ತೂಗುಹಾಕಿ, ಒಂದು ಸೆಂಟಿಮೀಟರಿನಷ್ಟು ಕೆಳಗೆ ಎಳೆದು ಬಿಡು. ಮೇಲೆ ಕೆಳಗೆ ಆಡುವ 20 ಆಂದೋಲನಗಳನ್ನು ಎಣಿಸಿ ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಕಾಲ ನೋಡು. ಒಂದು ಆಂದೋಲನದ ಕಾಲ ಎಂದರೆ ತೂಗುಹಾಕಿದ ದ್ರವ್ಯರಾಶಿಯನ್ನು ಬಲ ಸ್ಥಿರಾಂಕದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈನಿಂದ ಗುಣಿಸಿದ್ದು. ಸ್ಥಿರಾಂಕ 28.8 ಆಗಿದ್ದರೆ 20 ಆಂದೋಲನಕ್ಕೆ ಸುಮಾರು 11.7 ಸೆಕೆಂಡ್ ಬೇಕು. 140 ಆಗಿದ್ದರೆ 5.3 ಸೆಕೆಂಡಿಗೇ ಮುಗಿಯಬೇಕು. ಎರಡಕ್ಕೂ ಅಜಗಜಾಂತರವಿದೆ, ಎಣಿಸುವಾಗ ಒಂದರ್ಧ ಆಂದೋಲನ ತಪ್ಪಿದರೂ ತೀರ್ಪು ಬದಲಾಗುವುದಿಲ್ಲ. ಸ್ಪ್ರಿಂಗಿನ ಸ್ವಂತ ರಾಶಿಯ ಮೂರನೆಯ ಒಂದು ಭಾಗವನ್ನೂ ಸೇರಿಸಿ ಲೆಕ್ಕ ಹಾಕಿದರೆ ಉತ್ತರ ಇನ್ನಷ್ಟು ಹತ್ತಿರ ಬರುತ್ತದೆ. ಕಾಲ ನೋಡುವ ಮೊದಲು ಫ್ಯಾನ್ ಆರಿಸು. ಸೆಕೆಯಾಗುತ್ತದೆ, ನನಗೆ ಗೊತ್ತು. ಆದರೆ ಫ್ಯಾನಿನ ಗಾಳಿಗೆ ಹ್ಯಾಂಗರ್ ಅಡ್ಡಡ್ಡ ತೂಗಲು ಆರಂಭಿಸಿದರೆ ಎಣಿಕೆ ಕೆಡುತ್ತದೆ.

ನಿನ್ನ ಅಧ್ಯಾಪಕರ ಮೇಲೆ ಸಿಟ್ಟಾಗಬೇಡ. ಒಂದು ಕೋಣೆ, ನಲವತ್ತು ಮಕ್ಕಳು, ಮೂರು ಸ್ಪ್ರಿಂಗು, ಎರಡು ತಾಸು. ಇಷ್ಟರಲ್ಲಿ ಯಾರೇ ಆದರೂ ಪುಸ್ತಕದಲ್ಲಿರುವ ಗೆರೆಗೇ ಅಂಟಿಕೊಳ್ಳುತ್ತಾರೆ. ಆದರೂ ಕಂಡ ಅಂಕಿಯನ್ನು ಅಳಿಸಿ ಬೇಕಾದ ಅಂಕಿ ಬರೆಯುವುದನ್ನು ನಾನು ಒಪ್ಪಲಾರೆ. ರೆಕಾರ್ಡ್ ಪುಸ್ತಕದಲ್ಲಿ ಆ 12.1 ಹಾಗೆಯೇ ಇರಲಿ. ಪಕ್ಕದಲ್ಲಿ "ಸುತ್ತುಗಳು ಇನ್ನೂ ಬಿಚ್ಚಿಲ್ಲ, ಕಾಗದ ತೂರಿಸಿ ನೋಡಿದೆ" ಎಂದು ಒಂದು ಸಾಲು ಬರೆ. ಬರೆಯುವ ಮೊದಲು ನಿಜವಾಗಿಯೂ ತೂರಿಸಿ ನೋಡು.

ಮಾಸ್ತರರೇ, ಮನೆಯಲ್ಲಿ ಸೀರೆಯ ಜೋಲಿ ಕಟ್ಟಲು ಸ್ಪ್ರಿಂಗ್ ಬಳಸುತ್ತೇವೆ. ದೊಡ್ಡ ಮಗನಿಗೆ ತಂದದ್ದು. ಈಗ ಎರಡನೆಯ ಕೂಸಿಗೆ ತೆಗೆದು ನೋಡಿದರೆ, ಭಾರವಿಲ್ಲದಾಗಲೂ ಸುತ್ತುಗಳ ನಡುವೆ ಸಂದು ಬಿದ್ದಿದೆ. ಅರ್ಧ ಕತ್ತರಿಸಿ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ ಮನೆಯವರು. ಅರ್ಧ ಮಾಡಿದರೆ ಶಕ್ತಿಯೂ ಅರ್ಧವಾಗುವುದಿಲ್ಲವೇ ಎಂದು ನನಗೆ ಅಂಜಿಕೆ.
— ಗೃಹಿಣಿ, ಗೋಕಾಕ

ತಾಯಿ, ನಿಮ್ಮ ಅಂಜಿಕೆ ಸರಿ, ಆದರೆ ಕಾರಣ ಬೇರೆ. ಕತ್ತರಿಸಿದರೆ ಸ್ಪ್ರಿಂಗು ಮೆದುವಾಗುವುದಿಲ್ಲ, ಎರಡರಷ್ಟು ಗಡುಸಾಗುತ್ತದೆ.

ಹೇಗೆಂದರೆ, ಸ್ಪ್ರಿಂಗಿನಲ್ಲಿ 40 ಸುತ್ತು ಇವೆ ಎನ್ನಿ. ಕೂಸನ್ನು ಮಲಗಿಸಿದಾಗ 20 ಸೆಂಟಿಮೀಟರ್ ಹಿಗ್ಗಿದರೆ ಒಂದೊಂದು ಸುತ್ತಿನ ಪಾಲಿಗೆ 5 ಮಿಲಿಮೀಟರ್. ಕೂಸಿನ ಭಾರವನ್ನು ಈ 40 ಸುತ್ತುಗಳು ಹಂಚಿಕೊಳ್ಳುವುದಿಲ್ಲ. ಒಂದರ ಕೆಳಗೊಂದು ಇರುವುದರಿಂದ ಪ್ರತಿ ಸುತ್ತಿನ ಮೇಲೂ ಪೂರ್ತಿ ಭಾರವೇ ಬೀಳುತ್ತದೆ. ಬಾವಿಯ ಹಗ್ಗಕ್ಕೆ ಕೊಡ ಕಟ್ಟಿದಾಗ ಹಗ್ಗದ ಪ್ರತಿ ಗೇಣೂ ಇಡೀ ಕೊಡವನ್ನೇ ಹೊರುವುದಿಲ್ಲವೇ, ಹಾಗೆ. ಅರ್ಧ ಕತ್ತರಿಸಿದರೆ ಉಳಿದ 20 ಸುತ್ತುಗಳೂ ಮೊದಲಿನಂತೆ ಐದೈದು ಮಿಲಿಮೀಟರ್ ಹಿಗ್ಗುತ್ತವೆ. ಒಟ್ಟು 10 ಸೆಂಟಿಮೀಟರ್. ಜೋಲಿ ಕಡಿಮೆ ತೂಗುತ್ತದೆ, ಕೂಸಿಗೆ ಕುಲುಕು ಹೆಚ್ಚಾಗುತ್ತದೆ. ತಂತಿಯ ಮೇಲಿನ ಭಾರ ಒಂದು ಗುಂಜಿಯಷ್ಟೂ ಇಳಿಯುವುದಿಲ್ಲ.

ಇನ್ನು ಆ ಸಂದು. ಸ್ಪ್ರಿಂಗನ್ನು ಎಳೆದಾಗ ಒಳಗೆ ತಂತಿ ಉದ್ದವಾಗುತ್ತಿದೆ ಎಂದು ನಮಗೆ ತೋರುತ್ತದೆ. ನಿಜಕ್ಕೂ ಅದು ತಿರುಚಿಕೊಳ್ಳುತ್ತದೆ, ಒದ್ದೆ ಧೋತರವನ್ನು ಹಿಂಡಿದ ಹಾಗೆ. ಒಂದು ಮಿತಿಯವರೆಗೆ ತಿರುಚಿದ್ದು ಬಿಟ್ಟೊಡನೆ ಬಿಚ್ಚಿಕೊಂಡು ಮೊದಲಿನ ರೂಪಕ್ಕೆ ಬರುತ್ತದೆ. ಆ ಸ್ಥಿತಿಸ್ಥಾಪಕ ಮಿತಿ ದಾಟಿದರೆ ಸ್ವಲ್ಪ ತಿರುಚು ತಂತಿಯಲ್ಲಿ ಹಾಗೆಯೇ ಉಳಿದುಬಿಡುತ್ತದೆ. ನಿಮಗೆ ಕಾಣುತ್ತಿರುವ ಸಂದು ಅದೇ. ದೊಡ್ಡವನು ಯಾವಾಗಲೋ ಜೋಲಿಯಲ್ಲಿ ಧೊಪ್ಪನೆ ಕೂತು ಜೀಕಿರಬೇಕು. ಮೆಲ್ಲಗೆ ಇಟ್ಟ ಭಾರಕ್ಕೆ ಸ್ಪ್ರಿಂಗು ಎಷ್ಟು ಹಿಗ್ಗುತ್ತದೆಯೋ, ಅದೇ ಭಾರವನ್ನು ಒಮ್ಮೆಗೇ ಕೈಬಿಟ್ಟರೆ ಅದರ ಎರಡರಷ್ಟು ಹಿಗ್ಗುತ್ತದೆ. ಮೇಲಿನಿಂದ ಜಿಗಿದರೆ ಇನ್ನೂ ಹೆಚ್ಚು.

ಕತ್ತರಿಸಿದ ತುದಿಯನ್ನು ಇಕ್ಕಳದಿಂದ ಬಗ್ಗಿಸಿ ಹೊಸ ಕೊಕ್ಕೆ ಮಾಡುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಗಡುಸು ತಂತಿಯನ್ನು ಮೊಂಡಾಗಿ ಬಗ್ಗಿಸಿದ ಜಾಗದಲ್ಲಿ ಕಣ್ಣಿಗೆ ಕಾಣದ ಸೀಳು ಬೀಳಬಹುದು, ಮುರಿಯುವುದೂ ಅಲ್ಲಿಯೇ. ಆದ್ದರಿಂದ ದಯವಿಟ್ಟು ಆ ಸ್ಪ್ರಿಂಗನ್ನು ಕೂಸಿಗೆ ಬಳಸಬೇಡಿ, ಕತ್ತರಿಸಿಯೂ ಬೇಡ, ಇಡಿಯಾಗಿಯೂ ಬೇಡ. ಹೊಸದನ್ನೇ ತನ್ನಿ. ತಂದ ಮೇಲೆ ಒಂದು ಗಟ್ಟಿ ಹಗ್ಗವನ್ನು ಮೇಲಿನ ತೊಲೆಯಿಂದ ಸ್ಪ್ರಿಂಗಿನ ಒಳಗೆ ಹಾಯಿಸಿ ನೇರವಾಗಿ ಜೋಲಿಯ ಗಂಟಿಗೆ ಕಟ್ಟಿ. ಸ್ಪ್ರಿಂಗು ತೂಗಲು ಅಡ್ಡಿಯಾಗದಷ್ಟು ಸಡಿಲವಿರಲಿ, ಆದರೆ ಸ್ಪ್ರಿಂಗು ಮುರಿದರೆ ಜೋಲಿ ನೆಲ ಮುಟ್ಟುವ ಮೊದಲೇ ಹಗ್ಗ ಬಿಗಿಯಬೇಕು. ದೊಡ್ಡವನಿಗೆ ಬೇರೆ ಜೋಕಾಲಿ ಕಟ್ಟಿಕೊಡಿ.

ಹುಕ್ ತನ್ನ ನಿಯಮವನ್ನು ಮೊದಲು ಒಗಟಿನಲ್ಲಿ ಬರೆದಿಟ್ಟಿದ್ದನೆಂದು ತರಗತಿಯಲ್ಲಿ ಹೇಳಿದೆ. ಮಕ್ಕಳು ಏಕೆ ಎಂದು ಕೇಳಿದರು. ವಿವರಿಸುವಿರಾ?
— ಪ್ರೌಢಶಾಲಾ ಶಿಕ್ಷಕರು, ಸಿಂದಗಿ

ಮಕ್ಕಳು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಒಂದು ಪುಸ್ತಕದ ಕೊನೆಯಲ್ಲಿ 14 ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ ಅಚ್ಚು ಹಾಕಿಸಿದ: ಸಿ, ಇ, ಮೂರು ಐ, ಎನ್, ಓ, ಮೂರು ಎಸ್, ಎರಡು ಟಿ, ಯು, ವಿ. ಎರಡು ವರ್ಷ ಬಿಟ್ಟು 1678ರಲ್ಲಿ ತಾನೇ ಅದನ್ನು ಬಿಡಿಸಿ ಹೇಳಿದ. ಅಕ್ಷರಗಳನ್ನು ಮರುಜೋಡಿಸಿದರೆ ಲ್ಯಾಟಿನ್ ಭಾಷೆಯಲ್ಲಿ "ಉತ್ ಟೆನ್ಸಿಯೋ ಸಿಕ್ ವಿಸ್" ಎಂದಾಗುತ್ತದೆ. ಹಿಗ್ಗು ಹೇಗೋ ಬಲವೂ ಹಾಗೆ. ಮಕ್ಕಳಿಂದಲೇ ಅಕ್ಷರ ಎಣಿಸಿ ಹೊಂದಿಸಿ ನೋಡಿಸಿ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಕಾರಣವಿಷ್ಟು. ಕಂಡುಕೊಂಡದ್ದನ್ನು ಕೂಡಲೇ ಬಿಚ್ಚಿಟ್ಟರೆ ಬೇರೆಯವರು ಬೆಳೆಸಿಕೊಂಡು ಹೋಗುತ್ತಾರೆ, ಮುಚ್ಚಿಟ್ಟರೆ ಬೇರೊಬ್ಬರು ತಮ್ಮದೆನ್ನುತ್ತಾರೆ. ಒಗಟಾಗಿ ಅಚ್ಚು ಹಾಕಿಸಿದರೆ ಗುಟ್ಟೂ ಉಳಿಯುತ್ತದೆ, ತಾರೀಖೂ ದಾಖಲಾಗುತ್ತದೆ. ಆ ಕಾಲದ ಹಲವರು ಹೀಗೆ ಮಾಡುತ್ತಿದ್ದರು. ಹುಕ್‌ಗಂತೂ ಗಾಯ ಹಸಿಯಾಗಿತ್ತು. ಜೇಬುಗಡಿಯಾರದ ಸುರುಳಿ ಸ್ಪ್ರಿಂಗನ್ನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ 1675ರಲ್ಲಿ ಪ್ರಕಟಿಸಿದಾಗ, ಅದು ತನಗೆ ಮೊದಲೇ ಹೊಳೆದಿತ್ತೆಂದು ಹುಕ್ ಜಗಳವಾಡಿದ್ದ. ನೀವು ಮಕ್ಕಳಿಗೆ ಇದನ್ನು ಕಥೆಯಾಗಿ ಹೇಳುವಾಗ ಒಂದನ್ನು ಸೇರಿಸಿ: 1678ರ ಆ ಬರಹದಲ್ಲಿ ಹುಕ್ ಪ್ರಯೋಗವನ್ನು ಯಾರು ಬೇಕಾದರೂ ಮಾಡಿ ನೋಡುವಂತೆ ವಿವರಿಸಿದ್ದಾನೆ. ತಂತಿಯನ್ನು ಸುರುಳಿ ಸುತ್ತಿ ತೂಗುಹಾಕುವುದು, ತೂಕ ಏರಿಸುತ್ತ ಹಿಗ್ಗನ್ನು ಗುರುತಿಸುವುದು. ಇಂದು ನಮ್ಮ ಮಕ್ಕಳು ಮಾಡುವುದೂ ಇದನ್ನೇ.

ಲಂಡನ್ನಿನಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ಸೂಟ್‌ಕೇಸ್ ತೂಗಲು ಕೈಯಲ್ಲಿ ಹಿಡಿಯುವ ಸ್ಪ್ರಿಂಗ್ ತ್ರಾಸು ಕೊಂಡಿದ್ದೇನೆ. ಇಲ್ಲಿ 23 ಕಿಲೊ ತೋರಿಸಿದ್ದು ಅಲ್ಲಿಯೂ 23 ತೋರಿಸುತ್ತದೆಯೇ?
— ನಿವೃತ್ತ ಬ್ಯಾಂಕ್ ನೌಕರರು, ಬೆಳಗಾವಿ

ಸುಮಾರು 70 ಗ್ರಾಂ ಹೆಚ್ಚು ತೋರಿಸಬೇಕು. ಬೆಳಗಾವಿಯಲ್ಲಿ ಗುರುತ್ವ 9.78, ಲಂಡನ್ನಿನಲ್ಲಿ 9.81. ಭೂಮಿ ತಿರುಗುತ್ತಿರುವುದರಿಂದಲೂ ಸಮಭಾಜಕದ ಬಳಿ ಉಬ್ಬಿರುವುದರಿಂದಲೂ ಧ್ರುವದ ಕಡೆಗೆ ಹೋದಷ್ಟೂ ಸೆಳೆತ ತುಸು ಹೆಚ್ಚು. ಸ್ಪ್ರಿಂಗು ಆ ಸೆಳೆತವನ್ನು ಅಳೆಯುತ್ತದೆ, ನಿಮ್ಮ ಬಟ್ಟೆಬರೆಯ ದ್ರವ್ಯರಾಶಿಯನ್ನಲ್ಲ. ಎರಡು ತಟ್ಟೆಯ ತಕ್ಕಡಿಯಾದರೆ ಎರಡೂ ಊರಿನಲ್ಲಿ ಒಂದೇ ತೋರಿಸುತ್ತಿತ್ತು, ಏಕೆಂದರೆ ಅಲ್ಲಿ ತೂಕದ ಕಲ್ಲಿಗೂ ಅದೇ ಸೆಳೆತ. ಕೈತ್ರಾಸಿನಲ್ಲಿ 70 ಗ್ರಾಂ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ. ಕರದಂಟನ್ನು ಧೈರ್ಯವಾಗಿ ಒಯ್ಯಿರಿ, ಅರ್ಧ ಕಿಲೊ ಮಿತಿಯ ಒಳಗೆ ಉಳಿಸಿಕೊಳ್ಳಿ.

ನಮ್ಮ ಶಾಲೆಯಲ್ಲಿ ಸ್ಪ್ರಿಂಗೂ ಇಲ್ಲ, ತೂಕದ ಬಿಲ್ಲೆಗಳೂ ಇಲ್ಲ. ಮನೆಯಲ್ಲಿ ಈ ಪ್ರಯೋಗ ಮಾಡಬಹುದೇ?
— ಒಂಬತ್ತನೆಯ ತರಗತಿ ವಿದ್ಯಾರ್ಥಿ, ಗುಳೇದಗುಡ್ಡ

ಮಾಡಬಹುದು ತಮ್ಮಾ, ಮಾಡಲೇಬೇಕು. ತೂಕಕ್ಕೆ ನೀರು ಸಾಕು. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುತ್ತದೆ. ಔಷಧದ ಅಂಗಡಿಯಿಂದ ಸೂಜಿಯಿಲ್ಲದ 10 ಮಿಲಿಯ ಸಿರಿಂಜ್ ತಂದುಕೋ. ಹಗುರವಾದ ಸಣ್ಣ ಪ್ಲಾಸ್ಟಿಕ್ ಬಾಟಲಿಯ ಕತ್ತಿಗೆ ದಾರ ಕಟ್ಟು.

ಸ್ಪ್ರಿಂಗನ್ನು ನೀನೇ ಸುತ್ತು. ನಿಮ್ಮ ಓಣಿಯ ಭಜನಾ ಮೇಳದವರನ್ನು ಕೇಳಿದರೆ ತಂಬೂರಿಯ ಹಳೆಯ ಉಕ್ಕಿನ ತಂತಿ ಒಂದು ಮೀಟರಿನಷ್ಟು ಸಿಕ್ಕೀತು. ಅದನ್ನು ಪೆನ್ಸಿಲ್ಲಿಗೆ ಒತ್ತೊತ್ತಾಗಿ ಬಿಗಿಯಾಗಿ ಸುತ್ತು. ಕೈ ಬಿಟ್ಟೊಡನೆ ಸುತ್ತುಗಳು ಪೆನ್ಸಿಲ್ಲಿಗಿಂತ ದೊಡ್ಡದಾಗಿ ಅರಳಿಕೊಳ್ಳುತ್ತವೆ, ಅದು ಉಕ್ಕಿನ ಸ್ವಭಾವ. ತುದಿ ಛಟ್ಟನೆ ಚಿಮ್ಮುವುದರಿಂದ ಮುಖ ದೂರವಿರಲಿ, ಹಿರಿಯರೊಬ್ಬರು ಜೊತೆಗಿರಲಿ. ಆಮೇಲೆ ಪಂಪ್‌ಸೆಟ್ಟಿನ ಮೋಟಾರು ಕಟ್ಟುವ ಅಂಗಡಿಗೆ ಹೋಗಿ ತೆಳುವಾದ ತಾಮ್ರದ ತಂತಿಯ ತುಂಡು ಕೇಳಿ ತಂದು, ಅದರಿಂದಲೂ ಇನ್ನೊಂದು ಸ್ಪ್ರಿಂಗ್ ಸುತ್ತು. ಇದು ಅರಳುವುದು ತೀರ ಕಡಿಮೆ, ಪೆನ್ಸಿಲ್ಲಿಗೆ ಅಂಟಿಕೊಂಡೇ ಇರುತ್ತದೆ. ಸುತ್ತುವಾಗಲೇ ಎರಡು ಲೋಹಗಳ ಗುಣ ಬೆರಳಿಗೆ ತಿಳಿಯುತ್ತದೆ.

ಗೋಡೆಗೆ ಅಳತೆಪಟ್ಟಿ ನಿಲ್ಲಿಸಿ ಅದರ ಮುಂದೆ ತೂಗುಹಾಕು. ಪಟ್ಟಿಯ ಪಕ್ಕದಲ್ಲಿ ಸಣ್ಣ ಕನ್ನಡಿ ಚೂರು ಅಂಟಿಸು. ಸ್ಪ್ರಿಂಗಿನ ಕೆಳತುದಿಗೆ ಸಿಕ್ಕಿಸಿದ ಮುಳ್ಳು ಕನ್ನಡಿಯೊಳಗಿನ ತನ್ನ ಬಿಂಬವನ್ನು ಮರೆಮಾಡುವಂತೆ ಕಣ್ಣಿಟ್ಟು ಓದಿದರೆ ಓರೆನೋಟದ ತಪ್ಪು ಆಗುವುದಿಲ್ಲ. ಹತ್ತು ಹತ್ತು ಮಿಲಿ ನೀರು ಹಾಕುತ್ತ ನಲವತ್ತರವರೆಗೆ ಹೋಗು, ಮತ್ತೆ ಹತ್ತು ಹತ್ತಾಗಿ ಹೀರಿ ತೆಗೆಯುತ್ತ ಹಿಂದಕ್ಕೆ ಬಾ. ಉಕ್ಕಿನದು ಹೊರಟ ಜಾಗಕ್ಕೆ ಮರಳುತ್ತದೆಯೇ, ತಾಮ್ರದ್ದು ಎಷ್ಟರಲ್ಲಿ ಸೋಲುತ್ತದೆ, ನೋಡು. ಬರಿ ಸ್ಪ್ರಿಂಗಿನ ರೀಡಿಂಗ್, ಖಾಲಿ ಬಾಟಲಿಯ ರೀಡಿಂಗ್ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆ. ಆ ಪುಟವನ್ನು ನನಗೆ ಕಳುಹಿಸು, ಪೆನ್ಸಿಲ್ಲಿನಲ್ಲೇ ಇರಲಿ.